ಬಂದರಿಕೆ ಬೇಲಿಯ ಬಾಕಿ

ಬೇಸಿಗೆ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ. ಆಗಲೇ ಹೊತ್ತೇರುವುದರೊಳಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟತೊಡಗಿತ್ತು. ತೇಪೆಯ ಮೇಲೆ ತೇಪೆ ಕಂಡ ಹಳೆಯ ಟ್ಯೂಬುಗಳು ನಡುದಾರಿಯಲ್ಲೇ ಢಬ್ಬೆಂದು ಪ್ರಾಣ ಬಿಡುತ್ತಿದ್ದವು. ಊರಿಗೆಲ್ಲ ಬೇಡವಾದ ಈ ಕಾಲ ಪಂಕ್ಚರಣ್ಣನ ಅಂಗಡಿಗೆ ಮಾತ್ರ ಸುಗ್ಗಿ. ಅವನು ಬೆಳಿಗ್ಗೆಯಿಂದ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಾಳಿ ತುಂಬಿದ ಟ್ಯೂಬನ್ನು ಗೇಣುಗೇಣಾಗಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಗುಳ್ಳೆ ಕಂಡಲ್ಲಿ ಗುರುತು ಹಾಕಿ, ಒರೆಸಿ, ಉಜ್ಜಿ, ಸೊಲ್ಯೂಷನ್ ಬಳಿದು, ಬಾಯಿಂದ ಊದಿ ಆರಿಸಿ, ತೇಪೆ ಒತ್ತಿ ಮೇಲೊಂದು ಸುತ್ತಿಗೆಯ ಪೆಟ್ಟು ಕೊಟ್ಟರೆ ಆಯಿತು. ಆಮೇಲೆ ಆ ತೂತಿನ ಮಾತನ್ನು ಯಾರೂ ಎತ್ತುವಂತಿಲ್ಲ.

ಸೋರುವುದೆಂದರೆ ಅವನಿಗೆ ಸೇರದು. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಕರೆಯದೆ ಹೋಗಿ ರಬ್ಬರು ಸುತ್ತಿ ಬರುವವನು. ಆದರೆ ಟ್ಯೂಬಿನಿಂದಾಚೆಯ ಪ್ರಪಂಚದಲ್ಲಿ ಅವನ ಬುದ್ಧಿ ಅಷ್ಟು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿದ್ದಾಗ ಇವನು ಮುಂದಿನದನ್ನು ಬಿಚ್ಚಿ, ತೂತೇ ಇಲ್ಲದ ಟ್ಯೂಬನ್ನು ಅರ್ಧ ದಿನ ನೀರಲ್ಲಿ ಅದ್ದಿ, ಕೊನೆಗೆ ಇದರ ಕಾಯಿಲೆ ಒಳಗಿನದೆಂದು ಹೇಳಿ ಕಳಿಸಿದ್ದುಂಟು.

ಅಂಥವನು ಅಕ್ಕನಿಗೆ ಒಂದು ಬೇಲಿ ಬಾಕಿ ಉಳಿಸಿಕೊಂಡಿದ್ದ.

ಅದಾದದ್ದು ಹೀಗೆ. ಹೋದ ವರ್ಷ ಒಂದು ದಿನ ಅವನು ಲಾರಿಯ ಟೈರೊಂದನ್ನು ಅಂಗಡಿಯ ಮುಂದೆ ನಿಲ್ಲಿಸಿ, ಒಂದು ಕೈಯಲ್ಲಿ ಹಿಡಿದುಕೊಂಡು, ಅದರಿಂದ ಕಿತ್ತ ಮೊಳೆ ಎಷ್ಟು ದೊಡ್ಡದಿತ್ತೆಂದು ಮೇಷ್ಟ್ರಿಗೆ ವಿವರಿಸುತ್ತಿದ್ದ. ಮೊಳೆ ಹೇಳುತ್ತ ಹೇಳುತ್ತ ಬೆಳೆಯಿತು. ಕೊನೆಗೆ ಅದರ ಅಳತೆ ತೋರಿಸಲು ಎರಡು ಕೈ ಬೇಕಾಯಿತು. ಕೈ ಬಿಟ್ಟ ಟೈರು ಇಳಿಜಾರಿನ ಓಣಿಯಲ್ಲಿ ಉರುಳಿತು. ಮೊದಲು ಯೋಚಿಸುತ್ತ, ಆಮೇಲೆ ಮನಸ್ಸು ಮಾಡಿ, ಕೊನೆಗೆ ಯಾರ ಮಾತೂ ಕೇಳದಂತೆ. ಓಣಿಯ ಬುಡದಲ್ಲಿ ಅಕ್ಕನ ಮನೆ. ಅಕ್ಕ ಸ್ವಂತ ಕೈಯಿಂದ ಹೆಣೆದ ಕಡ್ಡಿ ಬೇಲಿಯನ್ನು ಈ ಕೊನೆಯಿಂದ ಆ ಕೊನೆಗೆ ಮಲಗಿಸಿ, ಕೋಳಿಗೂಡನ್ನು ದಾಟಿ, ಒಣಹಾಕಿದ್ದ ಹೊದಿಕೆಯೊಂದನ್ನು ಹೊದ್ದುಕೊಂಡು, ಆ ಟೈರು ಅಡುಗೆಮನೆಯ ಬಾಗಿಲಲ್ಲಿ ನೆಂಟನ ಹಾಗೆ ನಿಂತಿತು.

ಅಕ್ಕ ಟೈರನ್ನು ಕ್ಷಮಿಸಿದಳು. ಆದರೆ ಅದೇ ವಾರ ಬೀದಿನಾಯಿಗಳು ಬಿದ್ದ ಬೇಲಿಯೊಳಗಿಂದ ನುಗ್ಗಿ ಅವಳ ಕೋಳಿಗಳನ್ನು ಕಚ್ಚಿಕೊಂಡು ಹೋದವು. ತಪ್ಪೊಪ್ಪಿಗೆಗೆಂದು ಹೋದ ತಮ್ಮ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಒಣ ಕಡ್ಡಿಯದು ಯಾಕೆ, ಮುಂದಿನ ಮಳೆಗೆ ಜೀವವಿರುವ ಬೇಲಿಯನ್ನೇ ಕಟ್ಟಿಕೊಡುತ್ತೇನೆ ಎಂದ. ಅಕ್ಕ ಅವನ ಕಡೆ ನೋಡದೆ, ಬಡಗಿ ಕೆಲಸ ಮಾಡುತ್ತ ಕೂತಿದ್ದ ತನ್ನ ಗಂಡನಿಗೆ ಹೇಳಿದಳು:

“ಈ ಗಾಳಿ ಹೊಡೆಯೋನಿಗೆ ಹೇಳಿ, ಮುಂದಿನ ಮಳೆ ಬೀಳೋ ಹೊತ್ತಿಗೆ ಗಿಡ ನನ್ನ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಗಾರೆಯವನನ್ನ ಕರೆಸಿ ಗೋಡೆ ಎತ್ತಿಸ್ತೀನಿ. ಆ ಗೋಡೆಗೆ ಓಣಿ ಕಡೆಯಿಂದ ಬಾಗಿಲಿರಲ್ಲ.”

ಭಾವ ಉಳಿ ಕೆಳಗಿಟ್ಟು, ಎರಡು ಮಾರು ದೂರದಲ್ಲಿ ನಿಂತಿದ್ದ ಭಾಮೈದನಿಗೆ ಅದನ್ನೇ ಮತ್ತೊಮ್ಮೆ ಹೇಳಿದ. ಅಂದಿನಿಂದ ಅಕ್ಕ–ತಮ್ಮನ ಮಾತೆಲ್ಲ ಭಾವನ ಬಾಯಿಂದಲೇ. ತಾಯಿ ಇಲ್ಲದ ಮನೆಯಲ್ಲಿ ತುತ್ತು ಹಾಕಿ ಬೆಳೆಸಿದ ಅಕ್ಕ ಅವಳು. ಅಂಗಡಿ ಮುಚ್ಚಿ ಅವಳ ಜಗಲಿಯಲ್ಲಿ ಒಂದು ಗಳಿಗೆ ಕೂರದಿದ್ದರೆ ಪಂಕ್ಚರಣ್ಣನಿಗೆ ದಿನ ಮುಗಿದಂತೆಯೇ ಆಗುತ್ತಿರಲಿಲ್ಲ. ಈಗ ಅವನ ದಿನಗಳು ಮುಗಿಯದೆ ಒಂದರ ಮೇಲೊಂದು ಬಿದ್ದಿದ್ದವು. ಗೋಡೆಯೊಂದು ಎದ್ದರೆ ಏನಾಗುತ್ತದೆಂದು ಯೋಚಿಸಲು ಅವನಿಗೆ ಧೈರ್ಯ ಸಾಲದು.

ಬೇಲಿಯೇನೋ ಒಪ್ಪಿಕೊಂಡಾಯಿತು, ಗಿಡ ಯಾವುದು? ಅದು ಅವನಿಗೆ ಸಿಕ್ಕಿದ್ದು ಊರಾಚೆಯ ಕಲ್ಲುಗುಡ್ಡದಲ್ಲಿ. ಕಲ್ಲು ಹೇರುವ ಲಾರಿಯೊಂದು ಅಲ್ಲಿ ಕೂತುಬಿಟ್ಟಿತ್ತೆಂದು ಜಾಕಿ ಹೊತ್ತು ಹೋಗಿದ್ದ. ಹುಲ್ಲು ಸುಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು, ಮುಳ್ಳುಗಿಡಗಳೂ ಎಲೆ ಉದುರಿಸಿ ಸೋತೆವೆಂದು ನಿಂತಿದ್ದವು. ಅದರ ನಡುವೆ ಬಂಡೆಯ ಬಿರುಕಿನಲ್ಲಿ, ಹಿಡಿ ಮಣ್ಣೂ ಇಲ್ಲದ ಜಾಗದಲ್ಲಿ, ಬಂದರಿಕೆ ಗಿಡಗಳು ಎಣ್ಣೆ ಸವರಿಕೊಂಡ ಹಾಗೆ ಮಿರಮಿರನೆ ನಿಂತಿದ್ದವು. ಉದ್ದನೆಯ ಸಣ್ಣ ಎಲೆ. ಮುಟ್ಟಿದರೆ ಬೆರಳಿಗೆ ಅಂಟು. ತುದಿಯ ತುಂಬ ಕಾಗದದಷ್ಟು ತೆಳುವಾದ ರೆಕ್ಕೆಯ ಕಾಯಿಗಳ ಗೊಂಚಲು, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಂದಿಗೆ ತಿರುಗುತ್ತ ಗಾಳಿಗೆ ಗಲಗಲ ಎನ್ನುತ್ತಿತ್ತು. ಒಂದು ಮೇಕೆ ಬಂದು ಮೂಸಿ ನೋಡಿತು, ಮೂಗು ಮುರಿದು ಮುಂದೆ ಹೋಯಿತು.

ಪಂಕ್ಚರಣ್ಣ ಜಾಕಿ ಮರೆತು ನಿಂತ. ಹುಟ್ಟಿದಾಗಿನಿಂದ ಕಂಡ ಗಿಡವೇ. ಆದರೆ ಯಾರ ಹಂಗೂ ಇಲ್ಲದೆ ಹೀಗೆ ಹಸಿರಾಗಿರುವುದು ಸಾಮಾನ್ಯ ಸಂಗತಿಯಲ್ಲ ಎಂದು ಆವತ್ತೇ ಹೊಳೆದದ್ದು. ಮೇಕೆ ತಿನ್ನದ, ನೀರು ಕೇಳದ, ಒತ್ತಾಗಿ ಬೆಳೆಯುವ ಗಿಡ. ಬೇಲಿಗೆಂದೇ ಹುಟ್ಟಿದ್ದು. ಕಲ್ಲುಗುಡ್ಡದ ಕಾವಲಿನವನು ಬೆಳೆಸುವ ಬಗೆಯನ್ನೂ ಹೇಳಿದ. ಕಂದಾದ ಕಾಯಿ ಉಜ್ಜಿ ರೆಕ್ಕೆ ಬೇರೆ ಮಾಡಬೇಕು. ಒಳಗಿನ ಕಪ್ಪು ಬೀಜಕ್ಕೆ ಬಿಸಿನೀರು ಹೊಯ್ದು ರಾತ್ರಿಯಿಡೀ ಬಿಡಬೇಕು, ಇಲ್ಲದಿದ್ದರೆ ಅದರ ಗಟ್ಟಿ ಸಿಪ್ಪೆ ಬಾಯಿ ಬಿಡುವುದಿಲ್ಲ. ಜಲ್ಲಿ ಬೆರೆತ ಮಣ್ಣಲ್ಲಿ ಮೇಲೆಮೇಲೆ ಬಿತ್ತಬೇಕು. ಸಸಿ ಗೇಣುದ್ದ ಆದಮೇಲೆ ನೀರು ಅಪರೂಪಕ್ಕೆ, ಅದೂ ಸ್ವಲ್ಪವೇ. ಒತ್ತಾಗಬೇಕಿದ್ದರೆ ತುದಿ ಚಿವುಟುತ್ತಿರಬೇಕು.

ಇಷ್ಟನ್ನೂ ಪಂಕ್ಚರಣ್ಣ ಜೇಬು ತುಂಬ ಕಾಯಿಯ ಜೊತೆ ಮನೆಗೆ ತಂದು, ತನ್ನದೇ ಬಹುಕಾಲದ ಅನುಭವವೆಂಬಂತೆ ಹೆಂಡತಿಗೆ ಒಪ್ಪಿಸಿದ. ಅವಳು ಕೆಟಲಿನಿಂದ ಬಿಸಿನೀರು ಹೊಯ್ಯುತ್ತ, ಬೀಜ ಬೇಯಿಸಿ ಬಿತ್ತುವವರನ್ನು ಇವತ್ತೇ ನೋಡಿದ್ದು, ಮೊಟ್ಟೆಯನ್ನೂ ಬೇಯಿಸಿ ಕಾವಿಗೆ ಕೂರಿಸಿದರೆ ಅಕ್ಕನ ಕೋಳಿಯ ಬಾಕಿಯೂ ತೀರೀತು ಎಂದಳು. ಆದರೆ ಬೀಜ ಮೊಳೆತವು. ತಲೆಯ ಮೇಲೆ ಇನ್ನೂ ಕರಿ ಟೋಪಿ ಇಟ್ಟುಕೊಂಡೇ ಮಣ್ಣಿನಿಂದೆದ್ದ ಆ ಸಸಿಗಳನ್ನು ನೋಡಲು ಅವಳು ದಿನವೂ ಏನಾದರೊಂದು ನೆಪ ಮಾಡಿ ಅಂಗಡಿಯ ಮುಂದೆ ಬರತೊಡಗಿದಳು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸಸಿ ಗೇಣುದ್ದ ಆಗಿ, ದೊಡ್ಡ ಜಾಗಕ್ಕೆ ಬದಲಿಸುವ ದಿನ ಬಂತು; ಪಂಕ್ಚರಣ್ಣನ ಕಸುಬು ಅಡ್ಡ ಬಂತು.

ಕುಂಡವಾಗಿ ಹಳೆಯ ಟೈರುಗಳನ್ನು ಸಾಲಾಗಿ ಮಲಗಿಸಿದ. ಅದು ಯಾರಿಗಾದರೂ ತೋಚುವ ವಿಚಾರ. ಆದರೆ ‘ಸ್ವಲ್ಪವೇ ನೀರು’ ಎಂಬ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ಕೊಡುವುದೇ ಸ್ವಲ್ಪ ಅಂದಮೇಲೆ ಆ ಸ್ವಲ್ಪವೂ ಸೋರಿಹೋದರೆ ಗಿಡದ ಗತಿಯೇನು? ಅವನು ಲಾರಿಯ ಹಳೆಯ ಟ್ಯೂಬು ಸೀಳಿ, ಪ್ರತಿ ಟೈರಿನ ಅಡಿಗೂ ಅಂಚಿಗೂ ಹಾಸಿ, ಸೊಲ್ಯೂಷನ್ ಬಳಿದು, ಸುತ್ತಿಗೆಯಿಂದ ಕುಟ್ಟಿ, ಹನಿಯೂ ಹೊರಬೀಳದಂತೆ ಮುಚ್ಚಿದ. ಸಾಲದ್ದಕ್ಕೆ ಒಂದೊಂದರಲ್ಲೂ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ. ಆಮೇಲೆ ಮಣ್ಣು ತುಂಬಿ, ಸಸಿ ನೆಟ್ಟು, ಒಂದು ಸಲ ನೀರು ಹಾಕಿ, ನೋಡಲು ಬಂದವರಿಗೆಲ್ಲ ಗಂಭೀರವಾಗಿ ಸಾರಿದ:

“ಇನ್ನು ಮಳೆ ಬರೋವರೆಗೂ ಇದಕ್ಕೆ ಯಾರೂ ನೀರು ತೋರಿಸ್ಬಾರ್ದು.”

ಮೇಷ್ಟ್ರು ಹುಬ್ಬೇರಿಸಿದರು. ನೀರು ಬಿಡುವವನು, ಅಂದರೆ ಓಣಿಯ ತುದಿಯ ವಾಲ್ವು ತಿರುಗಿಸಿ ದಿನ ಬಿಟ್ಟು ದಿನ ಊರಿಗೆ ನೀರು ಹಂಚುವ ನೌಕರ, ಎಲ್ಲರೂ ಹೀಗೆಯೇ ಯೋಚಿಸಿದರೆ ತನ್ನ ಕೆಲಸ ಹಗುರವಾಗುತ್ತಿತ್ತೆಂದು ಬೆನ್ನು ತಟ್ಟಿದ. ಕೆಳಗಿನ ಮನೆಯಿಂದ ಭಾವ ಬಂದು, “ನಿಮ್ಮಕ್ಕ ಹೇಳಿದ್ದಾಳೆ, ಸೋಮಾರಿತನಕ್ಕೆ ಒಳ್ಳೆ ಗಿಡಾನೇ ಹುಡುಕಿದಾನೆ ಅಂತ” ಎಂದು ಒಪ್ಪಿಸಿ ಹೋದ.

ವಾರ ಕಳೆಯಿತು. ಬಿಸಿಲಿಗೆ ಊರಿನ ಗೋಡೆಗಳೇ ಬಿರುಕು ಬಿಟ್ಟವು. ಪಂಕ್ಚರಣ್ಣ ಟೈರಿನ ಮಣ್ಣಿಗೆ ಬೆರಳಿಟ್ಟು ನೋಡಿದ. ಒದ್ದೆ. ಇನ್ನೊಂದು ವಾರದ ಮೇಲೂ ಒದ್ದೆ. ಅವನ ಎದೆ ಉಬ್ಬಿತು. ಗಿರಾಕಿಗಳ ಕೈ ಹಿಡಿದೆಳೆದು ಅವರ ಬೆರಳನ್ನೂ ಮಣ್ಣಿಗೆ ಚುಚ್ಚಿಸಿ, “ಒಂದೇ ಸಲ ಹಾಕಿದ ನೀರು ಕಣ್ರೀ. ನನ್ನ ತೇಪೆ ಅಂದ್ರೆ ಹಂಗೆ” ಎಂದ. ಮೂರನೆಯ ವಾರ ಮಣ್ಣಿನ ಮೇಲೆ ನೀರು ನಿಂತು ಹೊಳೆಯುತ್ತಿತ್ತು. ಕಡಿಮೆಯಾಗದಿರುವುದು ಸರಿ, ಹೆಚ್ಚಿದ್ದು ಹೇಗೆಂದು ಒಂದು ಕ್ಷಣ ಗೊಂದಲವಾದರೂ, ಇಬ್ಬನಿ ಇರಬೇಕೆಂದು ಸಮಾಧಾನ ಹೇಳಿಕೊಂಡ. ಆ ಬೇಸಿಗೆಯಲ್ಲಿ ಇಬ್ಬನಿಯನ್ನು ಕಂಡವರು ಅವನೊಬ್ಬನೇ.

ಗಿಡಗಳು ಮಾತ್ರ ಈ ಹೆಮ್ಮೆಯಲ್ಲಿ ಪಾಲುಗೊಳ್ಳಲಿಲ್ಲ. ಮಿರುಗುತ್ತಿದ್ದ ಎಲೆ ಮಂಕಾಯಿತು, ಹಳದಿಗೆ ತಿರುಗಿತು, ತುದಿಗಳು ತಲೆ ತಗ್ಗಿಸಿದವು. ಬುಡದ ಎಲೆಗಳು ಒಂದೊಂದಾಗಿ ನೀರಿನ ಮೇಲೆ ತೇಲತೊಡಗಿದವು. ಓಣಿಯಲ್ಲಿ ಹಾದುಹೋಗುವವರೆಲ್ಲ ನಾಲಿಗೆ ಲೊಚಗುಟ್ಟಿದರು. ಹೆಂಡತಿ ಊಟ ಬಡಿಸುವಾಗ ಗಿಡದ ಮಾತೆತ್ತುವುದನ್ನು ಬಿಟ್ಟಳು. ಭಾವ ಬಂದು, ಗಾರೆಯವನು ನಾಳೆ ಗೋಡೆಯ ಜಾಗ ಅಳೆಯಲು ಬರುತ್ತಾನಂತೆ ಎಂದು ಹೇಳಿ, ಈ ಸಲ ಅವನ ಮುಖ ನೋಡಲಾರದೆ ಬೇಗ ಹೋದ.

ಆ ಸಂಜೆ ಪಂಕ್ಚರಣ್ಣನ ನಂಬಿಕೆಯಲ್ಲೂ ತೂತು ಬಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ತೊಟ್ಟಿಯಿಂದ ಒಂದು ಬಕೆಟ್ ಎತ್ತಿ, ಕಳ್ಳನ ಹಾಗೆ ಎಲ್ಲ ಟೈರಿಗೂ ಹೊಯ್ದ. ಹಿಡಿಸಲಾರದ ನೀರು ಅಂಚು ಮೀರಿ, ಅಂಗಡಿ ಇಳಿದು, ಓಣಿಗುಂಟ ಹರಿಯಿತು.

ನೀರಿಗಾಗಿ ಕೊಡಗಳು ಸಾಲು ನಿಲ್ಲುವ ಕಾಲದಲ್ಲಿ ಓಣಿಯಲ್ಲಿ ನೀರು ಹರಿದರೆ ಊರು ಸುಮ್ಮನಿರುತ್ತದೆಯೇ? ಬೆಳಗಾಗುವುದರೊಳಗೆ ನೀರು ಬಿಡುವವನು ಹಾರೆ ಗುದ್ದಲಿಯೊಂದಿಗೆ ಬಂದು ನಿಂತಿದ್ದ. ಒದ್ದೆಯ ಜಾಡು ಹಿಡಿದು ಅವನು ಅಂಗಡಿಯ ಮುಂದೆ ಬಂದು ಮುಟ್ಟಿದ್ದ. ನೆಲದಡಿಯ ಪೈಪು ಒಡೆದಿದೆ, ಇಲ್ಲವೇ ಯಾರೋ ಕೊರೆದಿದ್ದಾರೆ, ಅಂಗಡಿಯ ಕಟ್ಟೆ ಅಗೆದೇ ನೋಡಬೇಕು ಎಂದ. ಜನ ಸೇರಿದರು. ಗೋಡೆ ಅಳೆಯಲು ಬಂದ ಗಾರೆಯವನೂ ದಾರ ಹಿಡಿದುಕೊಂಡೇ ಮೇಲೆ ಬಂದ. ಅವನ ಹಿಂದೆ ಭಾವ. ಭಾವನ ಹಿಂದೆ, ಸೆರಗು ಬಿಗಿದು, ಅಕ್ಕ.

ಪಂಕ್ಚರಣ್ಣನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ತನ್ನ ಅಂಗಡಿ ಸೋರುತ್ತಿದೆ ಎಂಬ ಮಾತು. ಅಗೆಯುವುದು ಬೇಡ, ನೀರು ನಾನೇ ಹಾಕಿದ್ದು, ನಿನ್ನೆ ಸಂಜೆ, ಒಂದೇ ಬಕೆಟ್ಟು ಎಂದು ಒಪ್ಪಿಕೊಂಡುಬಿಟ್ಟ. ಒಂದು ಬಕೆಟ್ಟಿಗೆ ಓಣಿ ಹರಿಯುತ್ತದೆಯೇ ಎಂದು ನೀರು ಬಿಡುವವನು ಗದರಿದ.

ಮೇಷ್ಟ್ರು ಕೆಮ್ಮಿದರು. ತರಗತಿಯಲ್ಲಿ ಎಷ್ಟೋ ತಪ್ಪಿತಸ್ಥರನ್ನು ಎಬ್ಬಿಸಿ ನಿಲ್ಲಿಸಿದ್ದ ಅವರು ಈಗ ತಾವೇ ಎದ್ದು ನಿಂತವರಂತೆ ಕೈ ಕಟ್ಟಿ, ಮುಖ ತೊಳೆದ ನೀರನ್ನು ದಿನಾ ಬೆಳಿಗ್ಗೆ ತಾನು ಆ ಗಿಡಗಳಿಗೆ ಹಾಕುತ್ತಿದ್ದುದುಂಟು, ಬಾಯಿಲ್ಲದ ಜೀವ ಒಣಗುವುದನ್ನು ನೋಡಲಾಗಲಿಲ್ಲ ಎಂದರು. ಹೆಂಡತಿ ಗಂಡನ ಕಡೆ ನೋಡದೆ, ಪಾತ್ರೆ ತೊಳೆದ ಕಡೆಯ ನೀರು, ಅದೂ ಇವರು ಊಟಕ್ಕೆ ಕೂತಾಗ ಮಾತ್ರ ಎಂದಳು. ಎಲ್ಲರ ಕಣ್ಣು ನೀರು ಬಿಡುವವನ ಸೊಂಟದ ಬಾಟಲಿಯ ಮೇಲೆ ಬಿತ್ತು. ಅವನು ಹಾರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ವಾಲ್ವು ತಿರುಗಿಸಿ ಹೋಗುವಾಗ ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲುವ ಬದಲು ಗಿಡಕ್ಕೆ ಹಾಕುತ್ತಿದ್ದೆ, ಅದು ಪೋಲು ಎಂಬ ಲೆಕ್ಕಕ್ಕೆ ಬರುವುದಿಲ್ಲ ಎಂದು ಅಧಿಕಾರದ ದನಿಯಲ್ಲಿ ಹೇಳಿದ. ಬಾಟಲಿಯನ್ನು ಗಿಡದ ಪಕ್ಕದ ತೊಟ್ಟಿಯಲ್ಲೇ ತುಂಬಿಕೊಂಡು ‘ಉಳಿಸುತ್ತಿದ್ದ’ ವಿಚಾರವನ್ನು ಮೇಷ್ಟ್ರು ಕಂಡಿದ್ದರು, ಹೇಳಲಿಲ್ಲ.

ಇಷ್ಟೆಲ್ಲ ಸೇರಿಸಿದರೂ ಓಣಿ ಹರಿಯುವಷ್ಟಾಗದು ಎಂದು ಗಾರೆಯವನು ತನಗೆ ಸಂಬಂಧವಿಲ್ಲದ ಲೆಕ್ಕ ಹಾಕಿದ. ಆಗ ಭಾವ ಬಾಯಿ ತೆರೆದ. “ನಮ್ಮನೇಲಿ ಮಧ್ಯಾಹ್ನದ ಹೊತ್ತು ಒಂದು ಕೊಡ ಕಾಣ್ತಿರ್ಲಿಲ್ಲ” ಎಂದಷ್ಟೇ ಅಂದು ಮುಚ್ಚಿದ.

ಓಣಿಯೆಲ್ಲ ಅಕ್ಕನ ಕಡೆ ತಿರುಗಿತು. ಅವಳು ಸೆರಗನ್ನು ಇನ್ನಷ್ಟು ಬಿಗಿದಳು. ಗಂಡನ ಕಡೆ ತಿರುಗಿ ಏನೋ ಹೇಳಲು ಹೋದವಳು, ತಡೆದು, ನೇರವಾಗಿ ತಮ್ಮನ ಮುಖಕ್ಕೆ ಹೇಳಿದಳು:

“ನೀನು ಮಧ್ಯಾಹ್ನ ಅಂಗಡಿ ಮುಚ್ಚಿ ಬಿದ್ಕೊಂಡಿರ್ತೀಯ. ಗಿಡ ಬಾಡಿ ನಿಂತಿರುತ್ತೆ. ಅದು ಸತ್ರೆ ನಾನು ಗೋಡೆ ಕಟ್ಟಿಸ್ಬೇಕು. ಆಡಿದ ಮಾತು ಮುರಿಯೋಕಾಗುತ್ತಾ ನನಗೆ? ಅದಕ್ಕೇ ಹಾಕ್ದೆ. ದಿನಾ ಹಾಕ್ದೆ. ಏನೀಗ?”

ಪಂಕ್ಚರಣ್ಣನಿಗೆ ಅವಳು ಬೈದದ್ದು ಅರ್ಥವಾಗಲಿಲ್ಲ. ಬೈದದ್ದು ತನ್ನನ್ನೇ, ನೇರವಾಗಿ ತನ್ನನ್ನೇ, ಎಂಬುದು ಮಾತ್ರ ಅರ್ಥವಾಯಿತು. ಅವನು ಕುಕ್ಕರುಗಾಲಲ್ಲಿ ಕೂತು ಹತ್ತಿರದ ಟೈರಿನ ಮಣ್ಣನ್ನು ಸುಮ್ಮನೆ ಒತ್ತಿದ. ನಿಂತ ನೀರಿನಲ್ಲಿ ಗುಳುಕ್ ಎಂದು ಒಂದು ಗುಳ್ಳೆ ಎದ್ದಿತು.

ಅವನು ಬಗ್ಗಿದ. ಮತ್ತೆ ಒತ್ತಿದ. ಇನ್ನೊಂದು ಗುಳ್ಳೆ. ಮಣ್ಣಿನಿಂದ ಅವನ ತೊಟ್ಟಿಯ ತಳದಂಥದೇ ಕೊಳೆತ ವಾಸನೆ ಬಂತು. ಜನ್ಮವಿಡೀ ಗುಳ್ಳೆ ನೋಡಿದವನು ಅವನು. ಗುಳ್ಳೆ ಎದ್ದಿತೆಂದರೆ ಒಳಗಿದ್ದ ಗಾಳಿ ಹೊರಗೆ ಹೋಯಿತು. ಹೊರಗೆ ಹೋಗಲು ಇನ್ನೆಷ್ಟು ಉಳಿದಿದೆ? ಕಲ್ಲುಗುಡ್ಡದ ಬಿರುಕು ಅವನ ಕಣ್ಣ ಮುಂದೆ ಬಂತು. ಅಲ್ಲಿ ಬಿದ್ದ ಮಳೆ ಬಿದ್ದ ಹಾಗೆಯೇ ಇಳಿದು ಹೋಗುತ್ತದೆ. ಬೇರಿನ ಸುತ್ತ ಇರುವುದು ಕಲ್ಲು, ಕಲ್ಲಿನ ನಡುವೆ ಗಾಳಿ.

“ಇದು ಬಾಯಾರಿ ಸಾಯ್ತಿಲ್ಲ” ಎಂದ ಪಂಕ್ಚರಣ್ಣ, ತನಗೆ ತಾನೇ ಎಂಬಂತೆ. “ನಾವೆಲ್ಲ ಸೇರಿ ಮುಳುಗಿಸ್ತಿದೀವಿ. ಉಸಿರಾಡೋಕೆ ನಾನು ಒಂದು ತೂತೂ ಬಿಟ್ಟಿಲ್ಲ.”

ಒಳಗೆ ಹೋಗಿ ದಬ್ಬಳವನ್ನೂ ಸುತ್ತಿಗೆಯನ್ನೂ ತಂದ. ಟೈರನ್ನು ಓರೆ ಮಾಡಿ ಹಿಡಿಯಲು ನೀರು ಬಿಡುವವನು ಹಾರೆ ಕೊಟ್ಟ. ಪಂಕ್ಚರಣ್ಣ ತಾನೇ ಬಳಿದು ಕುಟ್ಟಿ ಮುಚ್ಚಿದ್ದ ರಬ್ಬರಿಗೆ ದಬ್ಬಳ ಇಟ್ಟು, ಕಣ್ಣು ಮುಚ್ಚಿ, ಹೊಡೆದ. ಜೀವನದಲ್ಲಿ ಮೊದಲ ಸಲ ಅವನು ತೂತು ಮಾಡುತ್ತಿರುವುದನ್ನು ಓಣಿ ಕತ್ತು ಚಾಚಿ ನೋಡಿತು. ಕಪ್ಪು ನೀರು ಚಿಮ್ಮಿ ಮೇಷ್ಟ್ರ ಪಂಚೆಗೆ ಬಿತ್ತು. ಮೇಷ್ಟ್ರು ಹಿಂದೆ ಸರಿಯಲಿಲ್ಲ. ಮುಂದಿನ ಟೈರನ್ನು ಅಕ್ಕ ಹಿಡಿದಳು. ಅದರ ತೇಪೆ ಎಷ್ಟು ಗಟ್ಟಿಯಿತ್ತೆಂದರೆ ಎಷ್ಟು ಹೊಡೆದರೂ ದಬ್ಬಳ ಇಳಿಯಲಿಲ್ಲ; “ಇಷ್ಟು ಚೆನ್ನಾಗಿ ಯಾರು ಕೆಲಸ ಮಾಡೋಕೆ ಹೇಳಿದ್ರು ನಿನಗೆ” ಎಂದು ಅವಳು ಬೈದಳು. ಅವನಿಗೆ ಅಂಥ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಆಮೇಲೆ ಯಾರೂ ನೀರು ಹಾಕಲಿಲ್ಲ. ಹೇಳುವಷ್ಟು ಸುಲಭದ ಕೆಲಸವಲ್ಲ ಅದು. ಮೇಷ್ಟ್ರು ಮುಖ ತೊಳೆದ ನೀರಿನ ಚೊಂಬು ಹಿಡಿದು ಎಷ್ಟೋ ಹೊತ್ತು ನಿಂತು ಹಿಂದಿರುಗುತ್ತಿದ್ದರು. ನೀರು ಬಿಡುವವನು ಬಾಟಲಿಯ ನೀರನ್ನು ಗಟಗಟನೆ ತಾನೇ ಕುಡಿದು ಗಿಡದ ಮುಂದೆ ಬರಿ ಬಾಟಲಿ ಅಲ್ಲಾಡಿಸಿ ತೋರಿಸುತ್ತಿದ್ದ. ಕೆಲವು ಗಿಡಗಳು ಕೈ ಮೀರಿದ್ದವು, ಹೋದವು. ಉಳಿದವು ಹಳದಿ ಎಲೆ ಉದುರಿಸಿ ಬೋಳಾಗಿ ನಿಂತವು. ಊರು ಆಸೆ ಬಿಡುವ ಹೊತ್ತಿಗೆ, ಬೆಂಕಿಯಂಥ ಬಿಸಿಲಿನ ನಡುವೆ, ಬೋಳು ಕಡ್ಡಿಯ ಪಕ್ಕದಲ್ಲಿ ಅಂಟಂಟಾದ ಎಳೆ ಚಿಗುರು ಮೂಡಿತು. ಅದನ್ನು ಮೊದಲು ಕಂಡ ಹೆಂಡತಿ ಯಾರಿಗೂ ಹೇಳದೆ ಒಂದು ಬೆಳಗಿಡೀ ತನ್ನಲ್ಲೇ ಇಟ್ಟುಕೊಂಡಿದ್ದಳು. ಇಷ್ಟು ಕಾಟ ಕೊಟ್ಟವರ ಮೇಲೆ ಸಿಟ್ಟಿಲ್ಲದೆ, ಸುಡುವ ಗಾಳಿಯನ್ನೇ ಉಂಡು ಹೀಗೆ ಹೊಳೆಯಲು ಬೇರೆ ಯಾವ ಗಿಡಕ್ಕೆ ಸಾಧ್ಯ ಎಂದು ಮೇಷ್ಟ್ರು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

ಮೊದಲ ಮಳೆ ಬಿದ್ದ ಮರುದಿನ ಗಿಡಗಳು ಓಣಿ ಇಳಿದವು. ಟೈರುಗಳನ್ನು ಉರುಳಿಸುವ ಸಲಹೆ ಯಾರೂ ಕೊಡಲಿಲ್ಲ. ಒಂದೊಂದನ್ನೂ ಇಬ್ಬಿಬ್ಬರು ಹೊತ್ತು ತಂದರು. ಭಾವ ಗುಣಿಗೆ ಜಲ್ಲಿ ಸುರಿದ. ಪಂಕ್ಚರಣ್ಣ ಒಂದೊಂದು ಗಿಡವನ್ನೂ ಬೇರು ಅಲುಗದಂತೆ ಇಳಿಸಿ, ಬುಡಕ್ಕೆ ಮಣ್ಣೆಳೆದು, ತುದಿ ಚಿವುಟುತ್ತ ಬಂದ. ಸಾಲು ಬೇಲಿಯ ಗುರುತಿನ ಅರ್ಧ ದಾಟಿ, ಕೋಳಿಗೂಡಿನ ಹತ್ತಿರ ಬಂದು, ಅಲ್ಲಿಗೆ ಗಿಡ ಮುಗಿದವು. ಮುಂದಿನ ಜಾಗ ಓಣಿಗೆ ತೆರೆದೇ ಉಳಿಯಿತು.

ಗಾರೆಯವನು ತನ್ನ ದಾರದೊಂದಿಗೆ ಅಂಗಳದ ಮೂಲೆಯಲ್ಲಿ ಕಾದಿದ್ದ. ತನ್ನನ್ನು ಕರೆದದ್ದು ಗೋಡೆಗೆ ಹೌದೋ ಅಲ್ಲವೋ ಎಂದು ಅವನು ಕೇಳಿದಾಗ, ಅಕ್ಕ ಸಾಲನ್ನೊಮ್ಮೆ ನೋಡಿ, ಒಳಗೆ ಒಲೆಯ ಕಟ್ಟೆ ಕಿತ್ತುಹೋಗಿದೆ, ಬಂದದ್ದಕ್ಕೆ ಅದನ್ನು ಗಾರೆ ಮಾಡಿ ಹೋಗು ಎಂದಳು.

ಪಂಕ್ಚರಣ್ಣ ಕೈಯ ಮಣ್ಣನ್ನು ಉಜ್ಜುತ್ತ ಎದ್ದು ನಿಂತ. ಉಳಿದ ಜಾಗಕ್ಕೆ ಸದ್ಯಕ್ಕೆ ಕಡ್ಡಿ ಹೆಣೆಯುತ್ತೇನೆ ಎಂದ. ಅಕ್ಕ ಬೇಡವೆಂದಳು.

“ಹಾಗಾದ್ರೆ ಬಾಕಿ ಅರ್ಧಕ್ಕೆ ತೀರಿತು ಅನ್ನು” ಎಂದ ಅವನು, ಅವಳ ಮುಖ ನೋಡುತ್ತ.

“ಎಲ್ಲಿ ತೀರಿತು? ಬೇಲಿ ಅಂದ್ರೆ ಪೂರ್ತಿ ಬೇಲಿ. ಇವು ಕಾಯಿ ಬಿಟ್ಟು, ಕಾಯಿ ಕಂದಾಗಿ, ನೀನು ಬೇಯಿಸಿ ಬಿತ್ತಿ, ಆ ಸಸಿ ಇಲ್ಲಿಗೆ ಬರೋವರೆಗೂ ಬಾಕಿ ಹಂಗೇ ಇರುತ್ತೆ. ಅಲ್ಲಿವರೆಗೂ ದಿನಾ ಸಂಜೆ ಬಂದು ನೋಡ್ಕೋಬೇಕು.”

“ನೋಡ್ಕೊಳ್ಳೋಕೆ ಏನಿದೆ ಅಕ್ಕ? ಬೇರು ಕಚ್ಚಿದ್ಮೇಲೆ ಇದಕ್ಕೆ ನೀರೂ ಬೇಡ.”

“ಅದೇ” ಎಂದಳು ಅಕ್ಕ. “ದಿನಾ ಬಂದು, ನೀರು ಹಾಕ್ದೆ ಹೋಗು.”